ತಾತ ತೂತು ಮುಚ್ಚಿದ ಬಾಂಬರ್ ಬರ್ಲಿನ್ನಿಗೆ ಹೋಗಿತ್ತೇ?

ಪ್ರಶ್ನೆ: ನಮ್ಮ ತಾತ 1940ರ ದಶಕದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಟ್ರಂಕಿನಲ್ಲಿ ಒಂದು ಹಳೆಯ ಫೋಟೋ ಸಿಕ್ಕಿದೆ. ನಾಲ್ಕು ಎಂಜಿನ್ನಿನ ದೊಡ್ಡ ವಿಮಾನ, ಬಾಲದ ಎರಡು ತುದಿಗಳಲ್ಲಿ ಮೊಟ್ಟೆಯಾಕಾರದ ಫಲಕಗಳು, ಮುಂದೆ ಸಾಲಾಗಿ ನಿಂತ ಕೆಲಸಗಾರರು. ಮೈಮೇಲೆ ಕಡ್ಡಿಗಳುಳ್ಳ ಚಕ್ರದ ಚಿಹ್ನೆ, ಅದರ ಪಕ್ಕ ‘ಎಚ್‌ಇ 8’ ಎಂಬ ಬರಹ. ಉಳಿದ ಎರಡು ಅಂಕಿಗಳು ಒಬ್ಬರ ತಲೆಯ ಹಿಂದೆ ಮರೆಯಾಗಿವೆ. ‘ಇದು ಲಿಬರೇಟರ್, ಯುದ್ಧ ಕಂಡ ವಿಮಾನ, ಮೈಯೆಲ್ಲ ತೂತಾಗಿತ್ತು, ನಾವೇ ಮುಚ್ಚಿದೆವು’ ಎಂದು ತಾತ ಹೇಳುತ್ತಿದ್ದರಂತೆ. ಮನೆಯಲ್ಲಿ ಇನ್ನೂ ಎರಡು ಮಾತಿವೆ: ಅದು ಬರ್ಲಿನ್ ಮೇಲೆ ಬಾಂಬ್ ಹಾಕಿದ ವಿಮಾನ, ಅದರ ಎಂಟೂ ಮಂದಿ ಸಿಬ್ಬಂದಿ ಅದರಲ್ಲೇ ಸತ್ತರು. 1945ರಲ್ಲಿ ಬರ್ಮಾದಲ್ಲಿ ಬಿದ್ದ ಒಂದು ಲಿಬರೇಟರಿನ ಎಂಟು ಹೆಸರುಗಳು ಅಂತರ್ಜಾಲದಲ್ಲಿ ಸಿಕ್ಕಿವೆ. ಎಚ್‌ಇ 807 ಎಂಬ ವಿಮಾನ ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಇದೆಯೆಂದೂ ಓದಿದೆ. ಬರುವ ವರ್ಷ ತಾತನ ಜನ್ಮಶತಮಾನೋತ್ಸವ. ಚಿಕ್ಕಪ್ಪ ಒಬ್ಬ ಕಲಾವಿದರಿಂದ ಆ ವಿಮಾನದ ಚಿತ್ರ ಬರೆಸುತ್ತಿದ್ದಾರೆ. ಮೂತಿಯ ಮೇಲೆ ಒಂದು ಹೆಸರು, ದಾಳಿಗೊಂದರಂತೆ ಬಾಂಬ್ ಗುರುತುಗಳ ಸಾಲು, ಕೆಳಗೆ ಆ ಎಂಟು ಹೆಸರು ಹಾಕಿಸಬೇಕೆಂಬುದು ಅವರ ಆಸೆ. ಅದೇ ವಿಮಾನದ್ದೆಂದು ಒಬ್ಬ ವ್ಯಾಪಾರಿ ತಗಡಿನ ನಂಬರ್ ಪ್ಲೇಟ್ ಕೂಡ ತೋರಿಸಿದ್ದಾನೆ. ಇದರಲ್ಲಿ ನಿಜ ಎಷ್ಟು? ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಪ್ರಶ್ನೆಗಳು ಹಲವು, ಆತಂಕ ಮಾತ್ರ ಒಂದೇ ಎನಿಸುತ್ತದೆ. ತಾತನ ಮಾತು ಸುಳ್ಳೆಂದು ತೇಲಿಬಿಟ್ಟರೆ ಏನು ಗತಿ ಎಂಬ ಆತಂಕ. ಅದನ್ನು ಮೊದಲು ಬಿಡಿ. ತಾತ ಸ್ವತಃ ಹೇಳಿದ್ದನ್ನೂ ಮನೆಯವರು ಆಮೇಲೆ ಸೇರಿಸಿದ್ದನ್ನೂ ನೀವೇ ಪತ್ರದಲ್ಲಿ ಬೇರೆ ಮಾಡಿ ಬರೆದಿದ್ದೀರಿ. ನನ್ನ ಕೆಲಸ ಅರ್ಧ ಹಗುರವಾದದ್ದು ಅಲ್ಲಿಯೇ. ವಿಮಾನಗಳ ದಾಖಲೆ ಓದುವುದೇ ಕಸುಬಾದವನಿಗೆ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಕೆಲಸ ಮಾಡಿದವರ ಮಾತು ಸಾಮಾನ್ಯವಾಗಿ ದಾಖಲೆಗೆ ಹೊಂದುತ್ತದೆ, ಕೇಳಿದವರ ಮಾತು ಬೆಳೆಯುತ್ತಾ ಹೋಗಿರುತ್ತದೆ. ನಿಮ್ಮ ತಾತನ ಮಾತೂ ಹೊಂದುತ್ತದೆ.

ಫೋಟೋದಿಂದ ಶುರು ಮಾಡೋಣ. ಬಾಲದ ಆಕಾರವನ್ನೂ ನಾಲ್ಕು ಎಂಜಿನ್ನುಗಳನ್ನೂ ನೋಡಿದರೆ ಅದು ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯ ಬಿ-24 ಲಿಬರೇಟರ್ ಎಂಬುದರಲ್ಲಿ ಅನುಮಾನವಿಲ್ಲ. ಅದಕ್ಕಿಂತ ಬೆಲೆಬಾಳುವ ಸಾಕ್ಷಿ ಆ ಚಕ್ರದ ಚಿಹ್ನೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆ ಕೆಲವು ಕಾಲ ವಿಮಾನಗಳ ಮೈಮೇಲೆ ಅಶೋಕಚಕ್ರವನ್ನೇ ಬರೆಸಿತು. 1950ರ ಜನವರಿ 26ರಂದು ಗಣರಾಜ್ಯವಾದಾಗ ಕೇಸರಿ, ಬಿಳಿ, ಹಸಿರಿನ ವೃತ್ತ ಬಂತು. ಯುದ್ಧಕಾಲದ ಫೋಟೋ ಆಗಿದ್ದರೆ ಅಲ್ಲಿ ಅಮೆರಿಕದ ನಕ್ಷತ್ರವೋ ಬ್ರಿಟಿಷ್ ವೃತ್ತವೋ ಇರಬೇಕಿತ್ತು. ಹಾಗಾಗಿ ನಿಮ್ಮ ಫೋಟೋ 1948ರ ಕೊನೆಯಿಂದ 1950ರ ಮೊದಲ ತಿಂಗಳುಗಳವರೆಗಿನ ಅವಧಿಯದು. ಎಚ್‌ಇ ಎಂಬ ಅಕ್ಷರಗಳು ಭಾರತ ತನ್ನ ಲಿಬರೇಟರ್‌ಗಳಿಗೆ ಕೊಟ್ಟ ಸಂಖ್ಯಾಸರಣಿಯವು, ಅವೂ ಇದಕ್ಕೇ ಹೊಂದುತ್ತವೆ.

ಈಗ ಬರ್ಲಿನ್. ಇದು ಹೆಚ್ಚು ಕಡಿಮೆ ಅಸಾಧ್ಯ. ಜರ್ಮನಿಯ ನಗರಗಳ ಮೇಲೆ ರಾತ್ರಿ ದಾಳಿ ಮಾಡಲು ಬ್ರಿಟಿಷರು ನೆಚ್ಚಿಕೊಂಡದ್ದು ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್ ಬಾಂಬರ್‌ಗಳನ್ನು. ಲಿಬರೇಟರ್‌ನಲ್ಲಿ ಜರ್ಮನಿಯ ಮೇಲೆ ಹಗಲು ದಾಳಿಗೆ ಹೋದವರು ಇಂಗ್ಲೆಂಡಿನಿಂದ ಮತ್ತು ಇಟಲಿಯಿಂದ ಹಾರಿದ ಅಮೆರಿಕನ್ನರು. ಆ ವಿಮಾನಗಳಲ್ಲಿ ಉಳಿದವು ಯುದ್ಧ ಮುಗಿದ ಮೇಲೆ ಬಹುಪಾಲು ಅಮೆರಿಕಕ್ಕೆ ಹಿಂತಿರುಗಿ ಗುಜರಿಗೆ ಹೋದವು. ಭಾರತಕ್ಕೆ ಸಿಕ್ಕ ಲಿಬರೇಟರ್‌ಗಳು ಬೇರೆ ಗುಂಪಿನವು. ಬ್ರಿಟಿಷ್ ವಾಯುಪಡೆ ಆಗ್ನೇಯ ಏಷ್ಯಾದ ಯುದ್ಧಕ್ಕೆಂದು ತರಿಸಿಕೊಂಡು ಬಂಗಾಳದ ದಿಗ್ರಿ, ಸಾಲ್‌ಬೋನಿ, ಧುಬುಲಿಯಾ, ಜೆಸ್ಸೋರ್‌ಗಳಂಥ ನೆಲೆಗಳಿಂದ ಹಾರಿಸಿದವು. ಅವುಗಳ ಗುರಿ ರಂಗೂನ್, ಮಂಡಾಲೆ, ಬ್ಯಾಂಕಾಕ್, ಬರ್ಮಾ–ಸಯಾಂ (ಈಗಿನ ಥಾಯ್ಲೆಂಡ್) ರೈಲು ಮಾರ್ಗದ ಸೇತುವೆಗಳು, ಜಪಾನಿ ಹಡಗುಗಳು ನುಗ್ಗುವ ಬಂದರುಗಳು.

ಬರ್ಲಿನ್ ಹೋಯಿತಲ್ಲ ಎಂದು ನಿಮ್ಮ ಚಿಕ್ಕಪ್ಪ ಬೇಸರ ಪಡಬೇಕಾಗಿಲ್ಲ. ಈ ಕಡೆಯ ಹಾರಾಟ ಕಡಿಮೆ ಕಠಿಣವಾಗಿರಲಿಲ್ಲ. 1944ರ ಅಕ್ಟೋಬರ್ ಕೊನೆಯಲ್ಲಿ ವಿಂಗ್ ಕಮಾಂಡರ್ ಜೇಮ್ಸ್ ಬ್ಲ್ಯಾಕ್‌ಬರ್ನ್ ನೇತೃತ್ವದ 159ನೇ ಸ್ಕ್ವಾಡ್ರನ್ (ವಿಮಾನಗಳ ತುಕಡಿ) ದಿಗ್ರಿಯಿಂದ ಹೊರಟು ಮಲಯಾದ ಪೆನಾಂಗ್ ಬಂದರಿನ ಬಾಯಲ್ಲಿ ಹಡಗು ಸಿಡಿಸುವ ಮೈನ್‌ಗಳನ್ನು ಇಳಿಸಿ ಬಂತು. ಹೋಗಿ ಬರುವ ದಾರಿ ಮೂರು ಸಾವಿರ ಮೈಲಿಗೂ ಹೆಚ್ಚು, ಅಂದರೆ 4,800 ಕಿಲೋಮೀಟರಿಗಿಂತ ಹೆಚ್ಚು. ಬಹುಪಾಲು ಸಮುದ್ರದ ಮೇಲೆ, ಕತ್ತಲಲ್ಲಿ. ಆ ವಿಮಾನದ ಹೊಟ್ಟೆಯೊಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಇದ್ದದ್ದು ಒಂದು ಗೇಣು ಅಗಲದ ತಗಡಿನ ಹಾದಿ. ಎರಡೂ ಪಕ್ಕದಲ್ಲಿ ಬಾಂಬ್‌ಗಳು. ಅವುಗಳ ಕೆಳಗಿನ ಬಾಗಿಲುಗಳೋ ಅಂಗಡಿಯ ರೋಲಿಂಗ್ ಷಟರ್‌ನಂತೆ ಮೇಲಕ್ಕೆ ಜಾರುವ ತೆಳು ತಗಡು, ಕಾಲು ಜಾರಿದರೆ ಅದು ಮನುಷ್ಯನ ಭಾರ ತಡೆಯುವುದಿಲ್ಲ. ಒಳಗೆ ಪೆಟ್ರೋಲ್ ಆವಿ ತುಂಬಿಕೊಂಡಾಗ ಗಾಳಿಯಾಡಲೆಂದು ಆ ಬಾಗಿಲುಗಳನ್ನೇ ಸ್ವಲ್ಪ ತೆರೆದಿಟ್ಟು ಹಾರಿದವರಿದ್ದಾರೆ. ಸಮುದ್ರದ ಮೇಲೆ ಇಳಿಯಬೇಕಾಗಿ ಬಂದರೆ ಮೊದಲು ಒಡೆದು ನೀರು ನುಗ್ಗಿಸುತ್ತಿದ್ದವೂ ಅವೇ. ಸಿಬ್ಬಂದಿಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದೇ ಬಂಗಾಳ ಕೊಲ್ಲಿಯ ಮೇಲೆ ರಾತ್ರಿಯಿಡೀ ಹಾರಿದರು.

ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಬಂದಿದೆ, ಹೇಳದೆ ಮುಂದೆ ಹೋಗಲಾರೆ. ಲಿಬರೇಟರ್ ಹಾರಿಸಲು ಬ್ರಿಟಿಷ್ ಸಿಬ್ಬಂದಿಗೆ ತರಬೇತಿ ಕೊಡುತ್ತಿದ್ದ 1673ನೇ ಘಟಕ ಇದ್ದದ್ದು ಕೋಲಾರದಲ್ಲಿ. 1944ರ ನವೆಂಬರಿನಲ್ಲಿ ಆ ಘಟಕದ ಜನರನ್ನೇ ಬಳಸಿಕೊಂಡು 358ನೇ ಸ್ಕ್ವಾಡ್ರನ್ ಕೋಲಾರದಲ್ಲೇ ಹುಟ್ಟಿತು. ಮುಂದೆ ಅದು ಬಂಗಾಳಕ್ಕೆ ಹೋಗಿ, ಬಾಂಬ್ ಹಾಕುವುದಕ್ಕಿಂತ ಹೆಚ್ಚಾಗಿ ಸಯಾಂ, ಇಂಡೋಚೀನಾ, ಮಲಯಾಗಳಲ್ಲಿ ಶತ್ರುವಿನ ಬೆನ್ನ ಹಿಂದೆ ಗುಪ್ತದಳದವರನ್ನೂ ಅವರಿಗೆ ಬೇಕಾದ ಸಾಮಗ್ರಿಯನ್ನೂ ಇಳಿಸುವ ಕೆಲಸ ಮಾಡಿತು. ಕೋಲಾರದ ಕಡೆಯ ಹಿರಿಯರು ‘ನಾಲ್ಕು ಎಂಜಿನ್ನಿನ ವಿಮಾನಗಳು ತಲೆಯ ಮೇಲೆ ಸುತ್ತುತ್ತಿದ್ದವು’ ಎಂದರೆ ನಂಬಿ.

ಎಂಟು ಸಾವಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ದಾಖಲೆಯನ್ನೇ ತೆಗೆಯಬೇಕಾಗಿಲ್ಲ, ಯೋಚಿಸಿದರೆ ಸಾಕು. ನಿಮಗೆ ಸಿಕ್ಕ ಎಂಟು ಮಂದಿ 1945ರಲ್ಲಿ ಬರ್ಮಾದಲ್ಲಿ ವಿಮಾನ ಬಿದ್ದು ಸತ್ತವರು. ಆ ವಿಮಾನ ಅಲ್ಲಿಯೇ ನಾಶವಾಯಿತು. ತಾತನ ಮುಂದೆ ಇದ್ದದ್ದು ಅದಾದ ಮೂರ್ನಾಲ್ಕು ವರ್ಷಗಳ ಮೇಲೆ ಬೆಂಗಳೂರಿನಲ್ಲಿ ಸರಿಯಾಗಿ ನಿಂತಿದ್ದ ವಿಮಾನ. ಎರಡೂ ಒಂದೇ ಆಗಿರಲು ಸಾಧ್ಯವಿಲ್ಲ. ದಯವಿಟ್ಟು ಆ ಹೆಸರುಗಳನ್ನು ಚಿತ್ರದ ಕೆಳಗೆ ಬರೆಸಬೇಡಿ. ಅವರ ತಮ್ಮಂದಿರ ಮಕ್ಕಳು, ಮೊಮ್ಮಕ್ಕಳು ಇಂಗ್ಲೆಂಡಿನಲ್ಲೋ ಕೆನಡಾದಲ್ಲೋ ಇರಬಹುದು. ಸಮಾಧಿಯೇ ಸಿಗದ ವಾಯುಯೋಧರ ಹೆಸರುಗಳನ್ನು ಸಿಂಗಪುರದ ಕ್ರಾಂಜಿ ಸ್ಮಾರಕದ ಕಲ್ಲಿನಲ್ಲಿ ಕೆತ್ತಿದ್ದಾರೆ, ಕುಟುಂಬಗಳು ಇಂದಿಗೂ ಅಲ್ಲಿಗೆ ಹೋಗಿ ಬರುತ್ತವೆ. ಬಿದ್ದ ವಿಮಾನ ಬೆಂಗಳೂರಿನಲ್ಲಿ ಮತ್ತೆ ಹಾರಿತೆಂಬ ಚಿತ್ರ ಎಲ್ಲೋ ಅವರ ಕಣ್ಣಿಗೆ ಬಿದ್ದರೆ ಆಗುವ ನೋವು ಸಣ್ಣದಲ್ಲ.

ಇದಕ್ಕಿಂತ ಮೂಲಭೂತವಾದ ಒಂದು ತಪ್ಪು ಕಲ್ಪನೆಯೂ ಇದೆ. ಒಂದು ವಿಮಾನಕ್ಕೆ ಒಂದು ಸಿಬ್ಬಂದಿ, ಕೊನೆಯವರೆಗೂ ಅವರೇ ಎಂದು ಜನ ಭಾವಿಸುತ್ತಾರೆ. ಸಿನಿಮಾಗಳು ಹಾಗೆ ತೋರಿಸಿವೆ. ವಾಸ್ತವದಲ್ಲಿ ವಿಮಾನ ಸ್ಕ್ವಾಡ್ರನ್ನಿನ ಆಸ್ತಿ. ಒಂದು ರಾತ್ರಿ ಒಂದು ತಂಡ, ಮುಂದಿನ ವಾರ ಇನ್ನೊಂದು ತಂಡ. ವಿಮಾನ ದುರಸ್ತಿಗೆ ಹೋದರೆ ತಂಡ ಬೇರೆ ವಿಮಾನ ಹತ್ತುತ್ತಿತ್ತು, ತಂಡದ ಸರದಿ ಮುಗಿದು ಊರಿಗೆ ಹೋದರೆ ವಿಮಾನ ಹೊಸಬರ ಪಾಲಾಗುತ್ತಿತ್ತು. ಪ್ರಸಿದ್ಧ ‘ಮೆಂಫಿಸ್ ಬೆಲ್’ ಬಾಂಬರ್‌ನಲ್ಲೇ ನೋಡಿ. ಪೈಲಟ್ ರಾಬರ್ಟ್ ಮಾರ್ಗನ್ ಅವರ ತಂಡ ತನ್ನ 25ನೇ ದಾಳಿ ಮುಗಿಸಿದ್ದು 1943ರ ಮೇ 17ರಂದು. ವಿಮಾನದ ಲೆಕ್ಕದಲ್ಲಿ 25ನೆಯದು ಎರಡು ದಿನ ಬಿಟ್ಟು ಬಂತು, ಹಾರಿಸಿದವರು ಬೇರೆ ತಂಡದವರು. ಜಗತ್ತಿಗೆಲ್ಲ ಗೊತ್ತಿರುವ ವಿಮಾನದ ಕಥೆಯೇ ಹೀಗೆ. ಆದ್ದರಿಂದ ‘ಈ ವಿಮಾನದ ಸಿಬ್ಬಂದಿ ಯಾರು’ ಎಂದು ಕೇಳುವ ಬದಲು ‘ಈ ದಿನ ಈ ವಿಮಾನವನ್ನು ಹಾರಿಸಿದವರು ಯಾರು’ ಎಂದು ಕೇಳಬೇಕು. ಉತ್ತರ ಸಿಗುವುದಾದರೆ ಹೀಗೆ ಕೇಳಿದಾಗಲೇ ಸಿಗುತ್ತದೆ.

ಇನ್ನು ತೂತುಗಳು. ನನಗೆ ನಿಮ್ಮ ಪತ್ರದಲ್ಲಿ ಅತ್ಯಂತ ಇಷ್ಟವಾದ ಮಾತು ಇದೇ, ಏಕೆಂದರೆ ತಾತ ನಿಜಕ್ಕೂ ಅಲ್ಲಿದ್ದರು ಎಂಬುದನ್ನು ಇದು ಹೇಳುತ್ತದೆ.

ಲಿಬರೇಟರ್‌ಗಳು ಬ್ರಿಟಿಷರಿಗೆ ಬಂದದ್ದು ಅಮೆರಿಕದ ಲೆಂಡ್-ಲೀಸ್ ಕಾಯ್ದೆಯಡಿ, ಅಂದರೆ ಸಾಲದ ರೂಪದಲ್ಲಿ. ಯುದ್ಧ ಮುಗಿದಾಗ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ಹಣ ಕೊಟ್ಟು ಕೊಳ್ಳಬೇಕು, ಇಲ್ಲವೇ ಬಳಸಲಾಗದಂತೆ ಹಾಳು ಮಾಡಬೇಕು. ಅಮೆರಿಕದಲ್ಲಿ ಆಗಲೇ ಸಾವಿರಾರು ಬಾಂಬರ್‌ಗಳು ಗುಜರಿಗೆ ಕಾದು ನಿಂತಿದ್ದವು, ವಾಪಸು ಬೇಕಿರಲಿಲ್ಲ. ಬ್ರಿಟನ್ನಿಗೆ ಕೊಳ್ಳುವ ಹಣವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಹೀಗೆ ಏಷ್ಯಾದ ಲಿಬರೇಟರ್‌ಗಳನ್ನು ಕಾನಪುರದ ಚಕೇರಿ ನೆಲೆಗೆ ತಂದು ಸಾಲಾಗಿ ನಿಲ್ಲಿಸಿ ಹಾಳುಗೆಡವಿದರು. ಲಾರಿಗಳಿಂದ ಗುದ್ದಿಸಿದರು, ಉಪಕರಣಗಳನ್ನು ಒಡೆದರು, ಎಂಜಿನ್ನುಗಳಿಗೆ ಮರಳು ಸುರಿದರು ಎಂದು ಆ ಕೆಲಸವನ್ನು ಬಲ್ಲವರು ಹೇಳಿದ್ದಾರೆ.

‘ಭಾರತಕ್ಕೆ ಬಾಂಬರ್ ಸಿಗಬಾರದೆಂಬ ಹೊಟ್ಟೆಕಿಚ್ಚಿನಿಂದ ಇಂಗ್ಲಿಷರು ಹೀಗೆ ಮಾಡಿದರು’ ಎಂಬ ಮಾತು ನಮ್ಮಲ್ಲಿ ಬಹಳ ಪ್ರಚಲಿತ. ಇದನ್ನು ನಾನು ಒಪ್ಪುವುದಿಲ್ಲ. ಇದೇ ಕರಾರಿನ ಕಾರಣಕ್ಕೆ ಬ್ರಿಟಿಷ್ ನೌಕಾಪಡೆ ತನ್ನ ಒಳ್ಳೆಯ ಸ್ಥಿತಿಯ ಕೋರ್ಸೇರ್ ವಿಮಾನಗಳನ್ನು ಆಸ್ಟ್ರೇಲಿಯಾದ ತೀರದಾಚೆ ಸಮುದ್ರಕ್ಕೆ ತಳ್ಳಿತು. ಭಾರತದ ಮೇಲಿನ ದ್ವೇಷಕ್ಕೆ ಆಸ್ಟ್ರೇಲಿಯಾದ ಸಮುದ್ರವೇಕೆ ಬೇಕು? ಅದು ಸಾಲದ ಪತ್ರದ ಷರತ್ತು, ಅದನ್ನು ಎಲ್ಲೆಡೆ ಪಾಲಿಸಿದರು. ಸಿಟ್ಟು ಬರುವುದು ಸಹಜ, ಆದರೆ ಕಾರಣ ತಿಳಿದೇ ಸಿಟ್ಟಾಗೋಣ.

1947ರ ಕೊನೆಯಲ್ಲಿ ಕಾಶ್ಮೀರದ ಯುದ್ಧ ಶುರುವಾದಾಗ ನಮ್ಮ ವಾಯುಪಡೆಯ ಬಳಿ ಭಾರಿ ಬಾಂಬರ್ ಒಂದೂ ಇರಲಿಲ್ಲ. ಸಾಮಾನು ಸಾಗಿಸುವ ಡಕೋಟಾಗಳಿಂದಲೇ ಬಾಂಬ್ ಉರುಳಿಸುವ ಪರಿಸ್ಥಿತಿ. ಆಗ ಕಣ್ಣು ಕಾನಪುರದ ಆ ಸಾಲುಗಳ ಮೇಲೆ ಬಿತ್ತು. ಬೆಂಗಳೂರಿನ ಕಾರ್ಖಾನೆಯನ್ನು ಕೇಳಿದ್ದು ಆಕಸ್ಮಿಕವಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ಆ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿತ್ತು. 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಯುದ್ಧ ಮುಗಿಯುವವರೆಗೂ ಅಲ್ಲಿ ನಡೆದದ್ದು ಬಾಂಬರ್‌ಗಳ, ಸಾಗಣೆ ವಿಮಾನಗಳ, ಕ್ಯಾಟಲಿನಾಗಳ ದುರಸ್ತಿ. ನೀರಿನ ಮೇಲೆ ಇಳಿಯುವ ಆ ಕ್ಯಾಟಲಿನಾಗಳನ್ನು ಬೆಳ್ಳಂದೂರು ಕೆರೆಯಲ್ಲಿ ಇಳಿಸುತ್ತಿದ್ದರು. ಬೆಂಗಳೂರು, ಮೈಸೂರು ಸೀಮೆಯ ಹುಡುಗರು ಆ ವರ್ಷಗಳಲ್ಲಿ ಅಮೆರಿಕದ ದೊಡ್ಡ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಿ ಪಳಗಿದ್ದರು. ನಿಮ್ಮ ತಾತ ಬಹುಶಃ ಅವರಲ್ಲಿ ಒಬ್ಬರು.

1948ರಲ್ಲಿ ಕಾರ್ಖಾನೆಯ ತಂಡ ಕಾನಪುರಕ್ಕೆ ಹೋಗಿ, ಇದ್ದುದರಲ್ಲಿ ವಾಸಿಯೆನಿಸಿದ ವಿಮಾನಗಳನ್ನು ಆರಿಸಿ, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಒಂದು ಸಲ ಬೆಂಗಳೂರಿನವರೆಗೆ ಹಾರಿದರೆ ಸಾಕು ಎನ್ನುವ ಮಟ್ಟಕ್ಕೆ ಅವನ್ನು ತಂದಿತು. ಅಂಥ ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿ ತಂದ ಪೈಲಟ್ ಜಮ್‌ಶೆಡ್ ಮುನ್ಷಿ. ಮುಂದೆ 1951ರಲ್ಲಿ ನಮ್ಮದೇ ಎಚ್‌ಟಿ-2 ತರಬೇತಿ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದವರೂ ಅವರೇ. ಉದ್ದೇಶಪೂರ್ವಕವಾಗಿ ಒಡೆದುಹಾಕಿದ, ಮೂರು ಮಳೆಗಾಲ ಬಯಲಲ್ಲಿ ನೆನೆದ ಬಾಂಬರ್‌ನಲ್ಲಿ ಕಾನಪುರದಿಂದ ಬೆಂಗಳೂರಿನವರೆಗೆ ಹಾರಿದ ಆ ಮನುಷ್ಯನ ಧೈರ್ಯಕ್ಕೆ ಇನ್ನೂ ಸಲ್ಲಬೇಕಾದ ಗೌರವ ಸಂದಿಲ್ಲ ಎಂದೇ ನನ್ನ ಭಾವನೆ. ಬೆಂಗಳೂರಿನಲ್ಲಿ ಅವನ್ನು ಪೂರ್ತಿ ಬಿಚ್ಚಿ ಸರಿಪಡಿಸಿದರು. 1948ರ ನವೆಂಬರಿನಲ್ಲಿ ಮೊದಲ ಕೆಲವು ವಿಮಾನಗಳಿಂದ ವಾಯುಪಡೆಯ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. ಒಟ್ಟು ಸುಮಾರು ನಲವತ್ತು ಲಿಬರೇಟರ್‌ಗಳು ಹೀಗೆ ಮರುಹುಟ್ಟು ಪಡೆದವು.

ಹಾಗಾದರೆ ತಾತ ಮುಚ್ಚಿದ ತೂತುಗಳು ಯಾರು ಮಾಡಿದವು? ಕೆಲವು ಜಪಾನಿ ಗುಂಡಿನವೇ ಇರಬಹುದು, ಅಲ್ಲಗಳೆಯಲಾರೆ. ಆದರೆ ಸ್ಕ್ವಾಡ್ರನ್ನಿನಲ್ಲಿ ಗುಂಡು ಬಿದ್ದ ವಿಮಾನವನ್ನು ಅಲ್ಲಿಯ ಮೆಕ್ಯಾನಿಕ್‌ಗಳೇ ಮರುದಿನದೊಳಗೆ ಮುಚ್ಚಿಬಿಡುತ್ತಿದ್ದರು, ಮೈಯೆಲ್ಲ ತೂತಾಗಿ ಯಾವುದೂ ಬೆಂಗಳೂರಿನವರೆಗೆ ಕಾಯುತ್ತಿರಲಿಲ್ಲ. ಆದ್ದರಿಂದ ಆ ತೂತುಗಳ ಬಹುಪಾಲು ಕಾನಪುರದಲ್ಲಿ ಅದರ ಒಡೆಯರೇ ಮಾಡಿದ ಗಾಯಗಳು, ಜೊತೆಗೆ ತುಕ್ಕು. ಅಲ್ಯೂಮಿನಿಯಂ ತಗಡಿನ ಕೆಲಸ ಹೇಗೆಂದು ನೋಡಿ. ತೂತಿನ ಸುತ್ತ ಸೀಳಿದ ಅಂಚನ್ನು ದುಂಡಗೆ ಕತ್ತರಿಸಬೇಕು, ಇಲ್ಲವಾದರೆ ಹಾರಾಟದ ನಡುಕಕ್ಕೆ ಬಿರುಕು ಮುಂದೆ ಓಡುತ್ತದೆ. ಒಳಗಿನ ಪಕ್ಕೆಯ ಪಟ್ಟಿ ಬಾಗಿದ್ದರೆ ಅದನ್ನು ಬದಲಿಸಬೇಕು. ಮೇಲೆ ಹೊಸ ತಗಡು ಇಟ್ಟು, ಹೊರಗಿನಿಂದ ಒಬ್ಬರು ರಿವೆಟ್ ಬಡಿಯುವಾಗ ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿ ಹಿಡಿದು ಕೂರಬೇಕು. ಬಾಲದ ಕಡೆಯ ಇಕ್ಕಟ್ಟಿನಲ್ಲಿ, ಬೇಸಿಗೆಯ ಕಾದ ತಗಡಿನ ನಡುವೆ, ಪ್ರತಿ ಬಡಿತವೂ ಕಿವಿಯೊಳಗೇ ಬಿದ್ದಂತೆ. ಆ ಪೀಳಿಗೆಯ ಅನೇಕರಿಗೆ ಮುಪ್ಪಿನಲ್ಲಿ ಕಿವಿ ಮಂದವಾಗಿತ್ತು. ನಿಮ್ಮ ತಾತನಿಗೂ ಹಾಗಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಅದೂ ಈ ವಿಮಾನದ ಸೇವಾ ಇತಿಹಾಸವೇ. ಪೈಲಟ್‌ಗಳ ಹೆಸರು ಯಾವುದಾದರೂ ರಿಜಿಸ್ಟರಿನಲ್ಲಿ ಉಳಿದಿರುತ್ತದೆ. ಫಿಟ್ಟರ್‌ಗಳ ಹೆಸರು ಫೋಟೋದ ಹಿಂಬದಿಯಲ್ಲಷ್ಟೇ ಉಳಿಯುವುದು.

ಲಂಡನ್ನಿನ ಎಚ್‌ಇ 807ರ ಕುರಿತು ನೀವು ಓದಿದ್ದು ನಿಜ. ಅಮೆರಿಕದ ಲೆಕ್ಕದಲ್ಲಿ ಅದು 44-50206. ಬ್ರಿಟಿಷರ ಕೈಗೆ ಬಂದಾಗ ಕೆಎನ್ 751 ಆಯಿತು, 99ನೇ ಸ್ಕ್ವಾಡ್ರನ್ನಿನಲ್ಲಿ ಹಾರಿತು. ಆ ಸ್ಕ್ವಾಡ್ರನ್ 1945ರ ಮಧ್ಯದಲ್ಲಿ ಧುಬುಲಿಯಾದಿಂದ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಕ್ಕೆ ಹೋಯಿತು. ಅಲ್ಲಿಗೆ ಹೋಗಿ ಸ್ವಲ್ಪ ದಿನಕ್ಕೇ ಜಪಾನ್ ಶರಣಾಯಿತು. ಆಮೇಲೆ ಏಷ್ಯಾದ ಲಿಬರೇಟರ್‌ಗಳು ಬಾಂಬ್‌ಗಳ ಜಾಗದಲ್ಲಿ ಆಹಾರ, ಔಷಧಿ ತುಂಬಿಕೊಂಡು ಯುದ್ಧಕೈದಿಗಳ ಶಿಬಿರಗಳ ಮೇಲೆ ಇಳಿಸಿ ಬಂದವು. ಕಾನಪುರ, ಬೆಂಗಳೂರಿನ ಮೂಲಕ ಅದು ಎಚ್‌ಇ 807 ಆಯಿತು. ಸಮುದ್ರ ಕಾವಲಿಗೆ ಲಿಬರೇಟರ್‌ಗಳನ್ನು ಬಳಸುತ್ತಿದ್ದ ನಮ್ಮ 6ನೇ ಸ್ಕ್ವಾಡ್ರನ್ 1968ರ ಕೊನೆಯಲ್ಲಿ ಅವಕ್ಕೆ ವಿದಾಯ ಹೇಳಿತು. ಜಗತ್ತಿನಲ್ಲಿ ಲಿಬರೇಟರ್ ಹಾರಿಸಿದ ಕೊನೆಯ ವಾಯುಪಡೆ ನಮ್ಮದೇ. 1974ರಲ್ಲಿ ಭಾರತ ಎಚ್‌ಇ 807 ಅನ್ನು ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಉಡುಗೊರೆಯಾಗಿ ಕೊಟ್ಟಿತು. ಒಡೆದುಹಾಕಿದವರ ದೇಶಕ್ಕೆ ಅದು ತನ್ನ ಎಂಜಿನ್ನುಗಳ ಬಲದಲ್ಲೇ ಹಾರಿ ಹೋಯಿತು.

ನಿಮ್ಮ ಫೋಟೋದ ವಿಮಾನವೂ ಅದೇ ಎಂದುಕೊಳ್ಳಲು ಮನಸ್ಸು ಎಳೆಯುವುದು ನನಗೆ ಅರ್ಥವಾಗುತ್ತದೆ. ಆದರೆ ‘ಎಚ್‌ಇ 8’ ಎಂದು ಶುರುವಾಗುವ ಲಿಬರೇಟರ್‌ಗಳು ಇನ್ನೂ ಇದ್ದವು. ಮೂಲ ಫೋಟೋವನ್ನೇ, ಅದರ ಪ್ರತಿಯನ್ನಲ್ಲ, ಒಳ್ಳೆಯ ಸ್ಟುಡಿಯೋದಲ್ಲಿ ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿಸಿ. ತಲೆಯ ಎರಡು ಪಕ್ಕದಲ್ಲಿ ಅಂಕಿಯ ಅಂಚು ಇಣುಕುತ್ತಿದ್ದರೆ, ಕೊನೆಯದು ಏಳರ ಚಪ್ಪಟೆ ತಲೆಯೋ ಒಂಬತ್ತರ ದುಂಡು ತಲೆಯೋ ಗೊತ್ತಾಗಬಹುದು. ಯಾವುದಾದರೂ ಮೊಬೈಲ್ ಆ್ಯಪ್‌ಗೆ ಕೊಟ್ಟು ‘ಸ್ಪಷ್ಟ’ ಮಾಡಿಸಬೇಡಿ. ಅವು ಇಲ್ಲದ ಅಂಕಿಯನ್ನು ಊಹಿಸಿ ಬರೆದುಬಿಡುತ್ತವೆ, ಆಮೇಲೆ ಯಾವುದು ಫೋಟೋದ್ದು ಯಾವುದು ಯಂತ್ರದ್ದು ಎಂದು ಯಾರೂ ಹೇಳಲಾರರು.

ಪೂರ್ತಿ ಸಂಖ್ಯೆ ಸಿಕ್ಕರೆ ದಾರಿ ತೆರೆಯುತ್ತದೆ. ಭಾರತೀಯ ಸಂಖ್ಯೆಯಿಂದ ಬ್ರಿಟಿಷ್ ಸಂಖ್ಯೆ, ಅದರಿಂದ ಸ್ಕ್ವಾಡ್ರನ್. ಸ್ಕ್ವಾಡ್ರನ್ ತಿಳಿದರೆ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಾಖಲೆ ಭಂಡಾರದ ಏರ್ 27 ಎಂಬ ಶ್ರೇಣಿಯಲ್ಲಿ ಆ ಸ್ಕ್ವಾಡ್ರನ್ನಿನ ಕಾರ್ಯಾಚರಣೆ ಪುಸ್ತಕ ಸಿಗುತ್ತದೆ. ಮನೆಯಲ್ಲೇ ಕುಳಿತು ಅಂತರ್ಜಾಲದಿಂದ ತೆಗೆದುಕೊಳ್ಳಬಹುದು. ಅದರ ಫಾರ್ಮ್ 541 ಎಂಬ ಹಾಳೆಗಳಲ್ಲಿ ದಿನಾಂಕ, ವಿಮಾನದ ಸಂಖ್ಯೆ, ಸಿಬ್ಬಂದಿಯ ಹೆಸರು, ಹೊರಟ ಹೊತ್ತು, ಮರಳಿದ ಹೊತ್ತು ಎಲ್ಲವೂ ಸಾಲಾಗಿರುತ್ತವೆ. ಒಂದೇ ವಿಮಾನದ ಎದುರು ಹಲವು ತಂಡಗಳು ಬರುವುದನ್ನು ನೀವೇ ನೋಡುವಿರಿ. ಇದರಲ್ಲಿಯೂ ತೊಡಕುಗಳಿವೆ. ಕೆಲವು ಗುಮಾಸ್ತರು ಸಂಖ್ಯೆ ಬರೆಯದೆ, ಸ್ಕ್ವಾಡ್ರನ್ನಿನೊಳಗೆ ವಿಮಾನಕ್ಕೆ ಇಟ್ಟ ಗುರುತಿನ ಅಕ್ಷರವನ್ನಷ್ಟೇ ಬರೆದಿದ್ದಾರೆ, ಹಳೆಯ ವಿಮಾನ ಹೋದ ಮೇಲೆ ಅದೇ ಅಕ್ಷರವನ್ನು ಹೊಸದಕ್ಕೆ ಕೊಟ್ಟಿರುತ್ತಾರೆ. ಬ್ರಿಟಿಷ್ ವಾಯುಪಡೆ ವಸ್ತುಸಂಗ್ರಹಾಲಯದ ವಿಮಾನ ಚಲನೆಯ ಕಾರ್ಡ್‌ಗಳನ್ನು ಹೆಚ್ಚು ನೆಚ್ಚಬೇಡಿ, ಸಾಗರದಾಚೆಗೆ ಕಳಿಸಿದ ವಿಮಾನಗಳ ವಿಷಯದಲ್ಲಿ ಅವು ಬೇಗ ಮೌನವಾಗುತ್ತವೆ. ಇನ್ನೊಂದು ಎಚ್ಚರ: ಕಾನಪುರದಲ್ಲಿ ಹಲವು ವಿಮಾನಗಳ ಭಾಗ ಸೇರಿಸಿ ಒಂದನ್ನು ಮಾಡಿದ್ದರಿಂದ, ದೇಹಕ್ಕೆ ಒಂದು ಇತಿಹಾಸವಿದ್ದರೆ ಅದರ ರೆಕ್ಕೆಗೆ ಇನ್ನೊಂದು ಇತಿಹಾಸ ಇರಬಹುದು. ಕಾಗದದ ಮೇಲೆ ಸಂಖ್ಯೆ ಸರಿಹೊಂದಿದರೂ ಅಷ್ಟು ಜಾಗ ಬಿಟ್ಟೇ ಬರೆಯಿರಿ.

ಭಾರತದ ಕಡೆಯ ಸೇವೆಗೆ ದೆಹಲಿಯ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗಕ್ಕೆ ಪತ್ರ ಬರೆಯಬಹುದು. ತಾಳ್ಮೆ ಬೇಕು. ಪಾಲಂನ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಒಂದು ಲಿಬರೇಟರ್ ಇದೆ. ಲಂಡನ್ನಿಗೆ ಹೋಗಲಾಗದಿದ್ದರೂ ಅದನ್ನು ಹೋಗಿ ನೋಡಿ ಬನ್ನಿ, ನಿಮ್ಮ ತಾತನ ಕಾರ್ಖಾನೆಯ ಕೈಯನ್ನು ಅದೂ ಹಾದು ಬಂದಿದೆ.

ಚಿತ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಮೂತಿಯ ಮೇಲೆ ಕಲ್ಪಿತ ಹೆಸರೂ ಬಾಂಬ್ ಗುರುತುಗಳೂ ಬೇಡ. ಅವನ್ನು ಬರೆಸಿದರೆ ಒಂದು ತಲೆಮಾರಿನೊಳಗೆ ಅದೇ ಸಾಕ್ಷಿಯಾಗಿಬಿಡುತ್ತದೆ. ಇದು ಬರೀ ಊಹೆಯಲ್ಲ. ಕಾನಪುರದ ಸಾಲಿನಿಂದ ಬಂದು ನಮ್ಮ ವಾಯುಪಡೆಯಲ್ಲಿ ದುಡಿದ 44-44052 ಎಂಬ ಲಿಬರೇಟರ್ ಇಂದು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಎಂಬ, ಹಳೆಯ ವಿಮಾನಗಳನ್ನು ಕಾಪಾಡುವ ಸಂಸ್ಥೆಯಲ್ಲಿದೆ. ಅದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಪ್ರಸಿದ್ಧ ವಿಮಾನಗಳ ಬಣ್ಣ ಬಳಿದರು, ಕೊನೆಗೆ ಬಳಿದದ್ದು ‘ವಿಚ್‌ಕ್ರಾಫ್ಟ್’ ಎಂಬ, ಇಂಗ್ಲೆಂಡಿನಿಂದ 130 ದಾಳಿ ಮಾಡಿದ ಬಾಂಬರಿನದು. ಆ ಬಾಂಬರ್‌ಗೆ ಗೌರವ ಸಲ್ಲಿಸುವ ಉದ್ದೇಶ ಒಳ್ಳೆಯದೇ. ಆದರೂ ಅದನ್ನು ನೋಡುವ ಸಾವಿರಾರು ಜನ ಇದೇ ವಿಮಾನ ಜರ್ಮನಿಗೆ ಹೋಗಿತ್ತೆಂದು ನಂಬಿ ಮನೆಗೆ ಹೋಗುತ್ತಾರೆ. ಬೆಂಗಳೂರಿನ ಫಿಟ್ಟರ್‌ಗಳು ಆ ಬಣ್ಣದ ಕೆಳಗೆ ಮುಚ್ಚಿಹೋಗಿದ್ದಾರೆ. ನಿಮ್ಮ ಮನೆಯ ಗೋಡೆಯಲ್ಲೂ ಅದೇ ಆಗುವುದು ಬೇಡ.

ಬ್ರಿಟಿಷ್ ಕಾಲದ ರೂಪದಲ್ಲಿ ಬರೆಸುವುದೂ ಒಂದು ಸಾಧ್ಯತೆ. ಜಪಾನಿ ಕೆಂಪು ವೃತ್ತದೊಂದಿಗೆ ಗೊಂದಲವಾಗಬಾರದೆಂದು ಏಷ್ಯಾದಲ್ಲಿ ಬ್ರಿಟಿಷರು ತಮ್ಮ ಚಿಹ್ನೆಯ ಕೆಂಪನ್ನು ತೆಗೆದು ನೀಲಿಯ ಎರಡು ಛಾಯೆಗಳನ್ನಷ್ಟೇ ಉಳಿಸಿಕೊಂಡಿದ್ದರು, ಕಲಾವಿದರಿಗೆ ಅದು ಇಷ್ಟವಾಗಬಹುದು. ಆದರೆ ಸ್ಕ್ವಾಡ್ರನ್ ಖಚಿತವಾಗುವವರೆಗೆ ಅದೂ ಊಹೆಯೇ. ಫೋಟೋದಲ್ಲಿ ಕಾಣುವಂತೆಯೇ ಬರೆಸಿ: ಅಶೋಕಚಕ್ರ, ‘ಎಚ್‌ಇ 8’, ಸಂಖ್ಯೆ ಮರೆಮಾಡಿದ ಆ ತಲೆ, ಮುಂದೆ ಕೆಲಸಗಾರರು. ಮುಖಗಳನ್ನು ಚೆನ್ನಾಗಿ ಬರೆಯಲು ಹೇಳಿ. ಕೆಳಗೆ ಹೆಸರು ಹಾಕುವುದಾದರೆ ಆ ಸಾಲಿನಲ್ಲಿ ನಿಂತವರ ಹೆಸರುಗಳನ್ನು ಹುಡುಕಿ ಹಾಕಿ. ಅವರಲ್ಲಿ ಕೆಲವರ ಮಕ್ಕಳು ಇನ್ನೂ ವಿಮಾನಪುರದ ಸುತ್ತಮುತ್ತ ಇರಬಹುದು, ಎಚ್‌ಎಎಲ್ ನಿವೃತ್ತರ ಬಳಗದಲ್ಲಿ ಫೋಟೋ ತೋರಿಸಿದರೆ ಯಾರಾದರೂ ತಮ್ಮ ತಂದೆಯನ್ನು ಗುರುತಿಸಿಯಾರು.

ವ್ಯಾಪಾರಿಯ ಪ್ಲೇಟನ್ನು ಈಗ ಕೊಳ್ಳಬೇಡಿ. ಒಂದು ಬಾಂಬರ್‌ನಲ್ಲಿ ಎಂಜಿನ್, ಪಂಪ್, ಬಂದೂಕಿನ ಟರೆಟ್, ಪೆಟ್ರೋಲ್ ಟ್ಯಾಂಕ್ ಹೀಗೆ ಪ್ರತಿಯೊಂದಕ್ಕೂ ಅದರದೇ ತಗಡಿನ ಪ್ಲೇಟ್ ಇರುತ್ತದೆ, ಆ ಸಂಖ್ಯೆಗಳು ವಿಮಾನದ ಸಂಖ್ಯೆಯಲ್ಲ. ನಿಜವಾದ ಹಳೆಯ ಪ್ಲೇಟೇ ಆಗಿದ್ದರೂ ನಿಮ್ಮ ವಿಮಾನದ್ದೆಂದು ಹೇಳಲಾಗದು, ಹೊಸದಾಗಿ ಒತ್ತಿಸುವುದಂತೂ ಬಹಳ ಸುಲಭ. ನಿಮಗೇ ಪೂರ್ತಿ ಸಂಖ್ಯೆ ತಿಳಿಯದಿರುವಾಗ ‘ಅದೇ ವಿಮಾನದ್ದು’ ಎಂದು ಅವನಿಗೆ ಹೇಗೆ ತಿಳಿಯಿತು ಎಂದು ಕೇಳಿ. ಯಾವ ಗುಜರಿಯಿಂದ, ಯಾವ ವರ್ಷ, ಯಾರ ಕೈಯಿಂದ ಬಂತೆಂಬುದಕ್ಕೆ ಕಾಗದ ಕೊಟ್ಟರೆ ಅದರ ನಕಲು ಕಳಿಸಿ, ನೋಡಿ ಹೇಳುತ್ತೇನೆ. ಫೋಟೋದ ಸ್ಕ್ಯಾನ್ ಕಳಿಸುವಾಗ ಹಿಂಬದಿಯನ್ನೂ ಸೇರಿಸಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್ಲಿನ ಒಂದು ಅಂಕಿ, ಏನಿದ್ದರೂ ಇಲ್ಲಿ ಕೆಲಸಕ್ಕೆ ಬರುತ್ತದೆ.